ಅಗ್ಗಿಷ್ಟಿಕೆಯ ಎಡಗಡೆ

ಕೋಟೆಯ ಕಡೆಯಿಂದ ಬರುತ್ತಿದ್ದ ತೋಪಿನ ಸದ್ದು ನಿಂತು ಎರಡು ತಿಂಗಳಾದ ಮೇಲೆ, ಯುದ್ಧಕ್ಕೆ ಹೆದರಿ ಓಡಿಹೋಗಿದ್ದ ನಾವು ಕಿರಂಗೂರಿನ ನಮ್ಮ ಮನೆಗೆ ಮರಳಿದೆವು. ಬಾಗಿಲು ಇರಲಿಲ್ಲ, ಯಾರೋ ಸೌದೆಗೆ ಒಯ್ದಿದ್ದರು. ಒಳಗೆ, ನಾನು ಕೂತು ಕೆಲಸ ಮಾಡುವ ಪಡಸಾಲೆಯ ಮೂಲೆಯಲ್ಲಿ, ತಣ್ಣಗಾದ ಅಗ್ಗಿಷ್ಟಿಕೆಯ ಬೂದಿಗೆ ಒತ್ತಿಕೊಂಡು ಗುರುತಿಲ್ಲದ ಬೆಕ್ಕೊಂದು ಮೂರು ಮರಿ ಹಾಕಿಕೊಂಡು ಮಲಗಿತ್ತು. ನಮ್ಮನ್ನು ಕಂಡು ಅದು ಏಳಲೂ ಇಲ್ಲ. ಬಂದ ನೆಂಟರನ್ನು ನೋಡುವ ಹಾಗೆ ಒಮ್ಮೆ ನೋಡಿ ಕಣ್ಣು ಮುಚ್ಚಿತು.

ಮಗ ಪೊರಕೆ ಎತ್ತಿಕೊಂಡ. "ಓಡಿಸ್ಬುಡನಾ ಅಪ್ಪ? ಕೆಲ್ಸಕ್ಕೆ ಕೂತ್ಕಬೇಕಲ್ಲ."

"ತಡಿ ಕಣ್ಲಾ," ಎಂದೆ. ಹಳೆಯ ಬೂದಿಯ ವಾಸನೆಯ ಜೊತೆ ಬೆಕ್ಕಿನ ಮೈಯ ಬಿಸಿ ವಾಸನೆ ಸೇರಿ ಮೂಗಿಗೆ ಬಡಿದಿತ್ತು. ಹದಿನೈದು ವರ್ಷದ ಹಿಂದೆ ನಮ್ಮಪ್ಪ ಕೂತಿದ್ದ ಮೂಲೆ ಅದು. ಈ ಕೆಲಸವನ್ನೇ ಆಗ ನಾನು ಮಾಡಿದ್ದೆ. ಅದೂ ಇವನ ಹಾಗೆ ಕೇಳಿಯಲ್ಲ.

ನಮ್ಮಂಥ ಅಕ್ಕಸಾಲಿಗರ ಪಾಡು ನಿಮಗೆ ತಿಳಿಯದ್ದೇನಲ್ಲ. ಒಕ್ಕಲಿಗ ನೇಗಿಲು ಹೊತ್ತು ಹೊರಟರೆ ಮನೆ ಹಿಂದುಳಿಯುತ್ತದೆ. ನಮಗೆ ಹೊರಡುವುದೆಂಬುದೇ ಇಲ್ಲ. ಉಂಡ ಜಾಗದಿಂದ ನಾಲ್ಕು ಮಾರು ಸರಿದರೆ ಅದೇ ಕಾರ್ಖಾನೆ. ಮನೆಯಲ್ಲಿರುವ ಸಮಸ್ತರೂ ಕೆಲಸದ ನಡುವೆಯೇ ಓಡಾಡುತ್ತಾರೆ. ನಮ್ಮ ಮನೆಯಲ್ಲಿ ಆ ಸಮಸ್ತರಲ್ಲಿ ಒಂದು ನಾಯಿ, ಒಂದು ಗಿಣಿ, ಒಂದು ಬೂದುಬಣ್ಣದ ಬೆಕ್ಕು ಸೇರಿದ್ದವು. ಮೂರನ್ನೂ ಸಾಕಿದವಳು ಅವ್ವ. ಅವಳು ತೀರಿಕೊಂಡ ಮೇಲೆ ಅವು ಅಪ್ಪನ ಸುತ್ತ ಬೀಡುಬಿಟ್ಟವು. ನಾಯಿ ಹೊಸಿಲಿಗೆ ಅಡ್ಡ ಬಿದ್ದಿರುತ್ತಿತ್ತು. ಬೆಕ್ಕು ಅಗ್ಗಿಷ್ಟಿಕೆಯ ಎಡಗಡೆ, ಅಪ್ಪನ ಮಂಡಿಗೆ ಒತ್ತಿಕೊಂಡು. ಇನ್ನು ಆ ಗಿಣಿ! ಒಡವೆ ಕೇಳಲು ಬಂದವರೆಲ್ಲರ ದನಿಯನ್ನೂ ಅದು ಕಲಿತಿತ್ತು. ಯಾರೇ ಅಂಗಳಕ್ಕೆ ಕಾಲಿಟ್ಟರೂ "ಆಚಾರ್ರೇ, ಆಯ್ತಾ?" ಎಂದು ಮೊದಲು ಅದೇ ಕೇಳುತ್ತಿತ್ತು. ಹೇಳಿದ ದಿನಕ್ಕೆ ಒಡವೆ ಕೊಡದ ನನ್ನಂಥವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ?

ಆಗ ನನಗೆ ಮೂವತ್ತು. ಕೆಲಸವೆಂದರೆ ಹೀಗಿರಬೇಕು ಎಂದು ಊರಿಗೆಲ್ಲ ಹೇಳುವ ವಯಸ್ಸು. ನಾನು ಮಾಡುತ್ತಿದ್ದ ಕೆಲಸ ಮಾತ್ರ ಅಪ್ಪನದರ ಅರ್ಧದಷ್ಟಿತ್ತು. ಅದಕ್ಕೆ ಕಾರಣ ಈ ಪ್ರಾಣಿಗಳೇ ಎಂದು ನಾನು ತೀರ್ಮಾನಿಸಿದ್ದೆ.

ಆ ಮಾಘದಲ್ಲಿ ಪಾಲಹಳ್ಳಿಯಿಂದ ಒಬ್ಬ ಮುದುಕಿ ಹೊಳೆ ದಾಟಿ ಬಂದಳು. ಎಲ್ಲರೂ ಅವಳನ್ನು ದೊಡ್ಡವ್ವ ಎನ್ನುತ್ತಿದ್ದರು. ಸೆರಗಿನ ಗಂಟಿನಲ್ಲಿ ಒಂದು ಜೊತೆ ಚಿನ್ನದ ಓಲೆ ಇತ್ತು, ತಾವರೆಯ ಆಕಾರದ್ದು. ಒಂದರ ಎಸಳು ಬಿಟ್ಟುಕೊಂಡಿತ್ತು.

"ನಮ್ಮವ್ವಂದು ಕಣಪ್ಪ ಇದು. ಅವಳ ಮಕ ನಂಗೆ ನೆಪ್ಪಿಲ್ಲ, ಇದೊಂದೇ ಇರಾದು. ಮೊಮ್ಮಗಳ ಧಾರೆಗೆ ಇಕ್ಕಂಡು ನಿಂತ್ಕಬೇಕು. ಕರಗಿಸ್ಬ್ಯಾಡ, ಬೆಸುಗೆ ಆಕ್ಕೊಡು."

"ಒಂದೆಸಳು ತಾನೆ ದೊಡ್ಡವ್ವ, ಆಯ್ತದೆ ಬುಡು," ಎಂದ ಅಪ್ಪ.

ಮರುದಿನ ನಾನು ಮನೆಯನ್ನು ಸರಿಪಡಿಸಲು ಹೊರಟೆ. ಗಿಣಿಯ ಪಂಜರವನ್ನು ಹಿತ್ತಲ ಬೇವಿನ ಮರಕ್ಕೆ ತೂಗುಹಾಕಿದೆ. ನಾಯಿಯನ್ನು ಕೊಟ್ಟಿಗೆಯಲ್ಲಿ ಕಟ್ಟಿದೆ. ಬೆಕ್ಕನ್ನು ಕುಕ್ಕೆಯಲ್ಲಿಟ್ಟು ಬಾಯಿ ಬಿಗಿದು, ಅತ್ತ ಹೊರಟಿದ್ದ ಗಾಡಿಯಲ್ಲಿ ತೊಣ್ಣೂರಿನ ಅಕ್ಕನ ಮನೆಗೆ ಕಳಿಸಿದೆ. ಪಡಸಾಲೆ ದೇವರ ಕೋಣೆಯಂತೆ ನಿಶ್ಶಬ್ದವಾಯಿತು.

"ಬೆಕ್ಕೆಲ್ಲೋಯ್ತ್ಲಾ?" ಎಂದ ಅಪ್ಪ.

"ಅಕ್ಕನ ಮನೇಲಿ ಇಲಿ ಕಾಟ ಅಂತಪ್ಪ. ಕಳಿಸ್ದೆ. ಇನ್ಮೇಲೆ ನಿಂಗೆ ಯಾರ ಕಾಟಾನೂ ಇಲ್ಲ, ನೆಮ್ಮದಿಯಾಗಿ ಕೆಲ್ಸ ಮಾಡು."

ಅಪ್ಪ ಕೆಲಸಕ್ಕೆ ಕೂತ. ಅಗ್ಗಿಷ್ಟಿಕೆಗೆ ಇದ್ದಿಲು ಹಾಕಿ, ಓಲೆ ಇಟ್ಟು, ಊದುಗೊಳವೆ ಬಾಯಿಗೆ ಹಿಡಿದ. ನಾನು ಆಚೆ ಬದಿಯಲ್ಲಿ ತಂತಿ ಎಳೆಯುತ್ತಿದ್ದೆ. ಊದುತ್ತಲೇ ಅವನ ಎಡಗೈ ಮಂಡಿಯ ಬಳಿ ನೆಲವನ್ನು ತಡವಿತು. ಇನ್ನೊಮ್ಮೆ ತಡವಿತು. ಚಿನ್ನ ಕೆಂಪೇರಿತು. ಈಗ ನಿಲ್ಲಿಸುತ್ತಾನೆ ಎಂದುಕೊಂಡೆ. ನಿಲ್ಲಿಸಲಿಲ್ಲ. "ಅಪ್ಪಾ!" ಎಂದು ನಾನು ಕೂಗುವಷ್ಟರಲ್ಲಿ ತಾವರೆ ಬಾಗಿ, ಕುಸಿದು, ಕಡಲೆಕಾಳಿನಷ್ಟು ಹೊಳೆಯುವ ಗುಂಡಾಗಿ ಇದ್ದಿಲ ಮೇಲೆ ನಿಂತಿತು.

ನಲವತ್ತು ವರ್ಷ ಆ ಕೈಯಲ್ಲಿ ಒಂದು ಮೂಗುಬೊಟ್ಟೂ ಕೆಟ್ಟಿರಲಿಲ್ಲ.

"ಓಯ್ತಾ?" ಎಂದು ಅಪ್ಪ ಕೇಳಿದ. ಅವನ ಮುಖ ನೇರವಾಗಿ ಬೆಂಕಿಗೇ ಇತ್ತು. ಆದರೂ ಕೇಳಿದ. ನನಗೆ ಆಗ ತಿಳಿಯಿತು.

"ಎಷ್ಟು ದಿನದಿಂದ ಅಪ್ಪ?"

"ಎರಡು ವರ್ಸಾಯ್ತು. ನಿಮ್ಮವ್ವ ಓದ ವರ್ಸ ಪೊರೆ ಬಂತು. ಬೆಳಕು ಅಂತ ಗೊತ್ತಾಯ್ತದೆ, ಕೆಂಪು ಕಾಣಾಕಿಲ್ಲ ಕಣ್ಲಾ. ಬೆಂಕಿ ಬೇಕಾದಷ್ಟು ಕಾದಾಗ ಬೆಕ್ಕು ಶಾಖ ತಡೀನಾರ್ದೆ ಒಂದು ಗೇಣು ಇಂದಕ್ಕೆ ಸರೀತಿತ್ತು. ಅಲ್ಲಿಂದ ಏಳು ಸಲ ಊದಿ ನಿಲ್ಲಿಸ್ತಿದ್ದೆ. ಒಂದ್ಸಲಾನೂ ತಪ್ಪಿರ್ಲಿಲ್ಲ." ಆಮೇಲೆ ಸೇರಿಸಿದ: "ಗಿಣಿ ಕೂಗಿದ್ರೆ ಯಾರೋ ಬಂದ್ರು ಅಂತ. ನಾಯಿ ಗುರ್ ಅನ್ದಿದ್ರೆ ಗುರುತಿನೋರು ಅಂತ."

"ನಂಗ್ಯಾಕೆ ಏಳಿಲ್ಲ?"

"ಏಳಿದ್ರೆ ನೀನು ನನ್ನ ಕೂರ್ಸಿ ಅನ್ನ ಆಕ್ತಿದ್ದೆ."

ಎರಡು ವರ್ಷ! ಅವನ ಎದುರಿಗೇ ಕೂತು, ಎರಡು ಕಣ್ಣೂ ನೆಟ್ಟಗಿದ್ದು, ನಾನು ಏನನ್ನೂ ಕಂಡಿರಲಿಲ್ಲ. ಆ ಮಧ್ಯೆ ಅವನು ಮಾಡಿಕೊಟ್ಟ ತಾಳಿಗಳೆಷ್ಟು, ಸರಗಳೆಷ್ಟು! ದೂರದ ಊರಿನವರೂ ಹುಡುಕಿಕೊಂಡು ಬರುತ್ತಿದ್ದರು.

ನಾಯಿ, ಗಿಣಿಗಳನ್ನು ಅವುಗಳ ಜಾಗಕ್ಕೆ ತಂದು, ಮರುದಿನ ಬೆಳಿಗ್ಗೆಯೇ ತೊಣ್ಣೂರಿಗೆ ನಡೆದೆ. ಬೆಕ್ಕು ಅಕ್ಕನ ಅಟ್ಟದ ಮೇಲೆ ಕೂತು, ಕಳಿಸಿದವನು ಯಾರೆಂದು ನೆನಪಿರುವುದಾಗಿ ಉಗುರಿನಲ್ಲೇ ತಿಳಿಸಿತು. ಮುಂಗೈ ಮೇಲೆ ಆ ಗೀರಿನ ಗುರುತು ಇವತ್ತಿಗೂ ಇದೆ. ಬೆಕ್ಕನ್ನು ಹೊತ್ತುಕೊಂಡು ಹೊತ್ತು ಮುಳುಗುವ ಮುಂಚೆ ಮನೆ ಸೇರಿದೆ. ಕುಕ್ಕೆಯಿಂದ ಇಳಿದದ್ದೇ ಅದು ನೆಟ್ಟಗೆ ಹೋಗಿ ತನ್ನ ಜಾಗದಲ್ಲಿ ಕೂತಿತು. ಅಪ್ಪ ಅದರ ಬೆನ್ನ ಮೇಲೆ ಕೈಯಿಟ್ಟು ಬಹಳ ಹೊತ್ತು ತೆಗೆಯಲಿಲ್ಲ.

ಆಮೇಲಿನ ಆರು ದಿನ ನಾನು ಕಂಡದ್ದನ್ನು ಹೇಗೆ ಹೇಳಲಿ? ಉಳಿದ ಓಲೆಯನ್ನು ಅಪ್ಪ ಬೆರಳ ತುದಿಯಿಂದ ಓದಿದ. ತುಟಿಗೆ ತಾಗಿಸಿ ಓದಿದ. "ಕಣ್ಣು ಮುಚ್ಕೊಂಡು ಮುಟ್ಲಾ," ಎಂದು ನನ್ನ ಕೈಗೂ ಕೊಟ್ಟ. ಮುಟ್ಟಿದೆ. ಎಂಟು ಎಸಳೂ ಒಂದೇ ಎಂದೆ. "ಅಲ್ಲ. ಮೂರ್ನೇದು ಒಂದು ಕೂದಲೆಳೆ ಉದ್ದ. ಅದನ್ನ ಮಾಡ್ದೋನಿಗೆ ಅವತ್ತು ಏನೋ ಗ್ಯಾನ ತಪ್ಪಿತ್ತು." ಯಾವ ಕಾಲದ ಯಾವ ಅಕ್ಕಸಾಲಿಗನೋ! ಅವನ ಕೈ ಅಂದು ಚಣಕಾಲ ಜಾರಿದ್ದು ಇವನ ಬೆರಳಿಗೆ ತಿಳಿಯುತ್ತಿತ್ತು. ಕರಗಿದ ಅದೇ ಚಿನ್ನವನ್ನು ತಗಡು ಮಾಡಿ, ಕತ್ತರಿಸಿ, ಎಸಳೆಸಳಾಗಿ ಕೂಡಿಸಿದ. ಮೂರನೆಯದನ್ನು ಕೂದಲೆಳೆಯಷ್ಟು ಉದ್ದ ಬಿಟ್ಟ. ಪ್ರತಿ ಬೆಸುಗೆಗೂ ಬೆಕ್ಕು ಗೇಣು ಸರಿಯಿತು, ಅಪ್ಪ ಏಳು ಸಲ ಊದಿದ. ನಾನು ತಂತಿ ಎಳೆಯುವುದನ್ನು ಬಿಟ್ಟು, ಬಾಯಿ ತೆರೆದುಕೊಂಡು ನೋಡಿದೆ. ಆ ಆರು ದಿನ ನಾನು ಯಾವ ಕೆಲಸವನ್ನೂ ಮಾಡಲಿಲ್ಲ. ಆದರೆ ಕೆಲಸವೆಂದರೇನೆಂದು ಕಲಿತದ್ದು ಆಗಲೇ.

ದೊಡ್ಡವ್ವ ಬಂದಾಗ ಓಲೆ ಕೊಡುವ ಮುಂಚೆಯೇ ಅಪ್ಪ ಹೇಳಿದ: "ಒಂದು ಕರಗೋಯ್ತು ದೊಡ್ಡವ್ವ. ಚಿನ್ನ ನಿಮ್ಮವ್ವಂದೇ, ಕೆಲ್ಸ ನಂದು. ನಂಗೆ ಕಣ್ಣು ಕಾಣಾಕಿಲ್ಲ, ಅದ್ನ ಏಳ್ದೆ ಇಸ್ಕೊಂಡಿದ್ದು ನನ್ನ ತಪ್ಪು."

"ಬೆಕ್ಕು ಕಳಿಸಿದ್ದು ನಾನು," ಎಂದೆ. ಅದು ಅವಳಿಗೆ ಅರ್ಥವಾಗಲಿಲ್ಲ.

ಅವಳು ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದಳು. ತಿರುಗಿಸಿದಳು. ಕಣ್ಣು ತುಂಬಿತು. ನಾನು ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅಪ್ಪ, "ನಾನು ಮಾಡಿದ್ದು ಯಾವ್ದು ಅಂದ್ರೆ..." ಎಂದು ಹೇಳಹೊರಟ.

"ಯಾವ್ದು ಯಾವ್ದು ಅಂತ ಏಳ್ಬ್ಯಾಡ, ಬುಡು," ಎಂದಳು ಅವಳು. ಎರಡನ್ನೂ ಅಲ್ಲಿಯೇ ಕಿವಿಗೆ ಇಟ್ಟುಕೊಂಡು ಹೋದಳು.

ಅಪ್ಪ ಇನ್ನೂ ನಾಲ್ಕು ವರ್ಷ ಕೆಲಸ ಮಾಡಿದ. ಕೊನೆಗೆ ನಿಂತದ್ದು ಕೈ ನಡುಗಿದ್ದರಿಂದ, ಕಣ್ಣಿನಿಂದಲ್ಲ.

ಇದನ್ನೆಲ್ಲ ಪೊರಕೆ ಹಿಡಿದು ನಿಂತಿದ್ದ ಮಗನಿಗೆ ಹೇಳಿದೆ. ಅವನು ಪೊರಕೆಯನ್ನು ಮೂಲೆಗೊರಗಿಸಿ ಕೂತು ಕೇಳಿದ. ಮಾತು ಮುಗಿದ ಮೇಲೂ ನನ್ನೊಳಗೆ ಇನ್ನೊಂದು ಮಾತು ಉಳಿದಿತ್ತು. ಅದನ್ನು ಅವನ ತಾಯಿಗೂ ಹೇಳಿರಲಿಲ್ಲ.

"ಒಂದು ತಿಂಗಳಿಂದ ದೀಪ ನೋಡಿದ್ರೆ ಸುತ್ತಾ ಮಬ್ಬಾಗಿ ಒಂದು ಬಳೆ ಕಾಣ್ತದೆ ಕಣ್ಲಾ ನಂಗೆ," ಎಂದೆ.

ಅವನು ಗಾಬರಿಪಡಲಿಲ್ಲ. ನನ್ನ ಊದುಗೊಳವೆಯನ್ನು ಎತ್ತಿ, ಅಂಗಿಗೆ ಒರೆಸಿ, ತನ್ನ ಕಡೆ ಇಟ್ಟುಕೊಂಡ.

"ನಾಳೆಯಿಂದ ಬೆಸುಗೆ ನಂದು," ಎಂದ. "ಮುಟ್ಟಿ ನೋಡಾದು ನಿಂದು."