ಜೊಳ್ಳಿಗೆ ಕಾರ್ಡ್ ಕೊಡದ ಪಂಚಣ್ಣ

ಗಿರಾಕಿ ಬಂದರೆ ಮುಖ ಸಿಂಡರಿಸುವ ಅಂಗಡಿಯವರೆಂದರೆ ನಾನು ತಿಪಟೂರಿನಲ್ಲಿ ನೋಡಿದ್ದು ಒಬ್ಬರನ್ನೇ: ಕಂಪ್ಯೂಟರ್ ಅಂಗಡಿಯ ಪಂಚಣ್ಣ. ದುಡ್ಡು ಹಿಡಿದು ನಿಂತವನನ್ನು "ಅದ್ಯಾಕಯ್ಯ ನಿಂಗೆ?" ಎಂದು ಕೇಳಿ ಬರಿಗೈಲಿ ವಾಪಸ್ ಕಳಿಸುವುದನ್ನೇ ಅವರು ವ್ಯಾಪಾರ ಎಂದುಕೊಂಡಿದ್ದರು.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಹೊನ್ನವಳ್ಳಿ ಸುತ್ತಿನ ತೋಟಗಳಲ್ಲಿ ತೆಂಗಿನಕಾಯಿ ಸುಲಿಯುತ್ತೇನೆ. ನನಗಿಂತ ಚುರುಕಾಗಿ ಸುಲಿಯುವವನು ಇನ್ನೂ ಸಿಕ್ಕಿಲ್ಲ. ಬಾಮೈದನ ಮನೆಯಲ್ಲಿ ಲಾರಿ ಓಡಿಸುವ ಗೇಮ್ ಆಡಿದ ಮೇಲೆ ನನಗೂ ಒಂದು ಗೇಮಿಂಗ್ ಕಂಪ್ಯೂಟರ್ ಬೇಕೆನಿಸಿತು. ಎರಡು ವರ್ಷ ಕೂಡಿಟ್ಟ ನಲವತ್ತು ಸಾವಿರ ಹಿಡಿದು ಪಂಚಣ್ಣನ ಅಂಗಡಿಗೆ ಹೋದೆ. ಕೆಟ್ಟರೆ ಇನ್ನೊಂದು ಕೊಳ್ಳುವ ತಾಕತ್ತಿರಲಿಲ್ಲ.

"ಮಗನಿಗಾ?"

"ನಂಗೇ ಕಣ್ರೀ."

ಪಂಚಣ್ಣ ಆಗ ತಲೆಯೆತ್ತಿದರು. "ಕೈ ತೋರ್ಸು."

"ಭವಿಷ್ಯ ಹೇಳ್ತೀರಾ?"

"ಮೌಸ್ ಹೇಳ್ತೀನಿ. ಈ ಬೆರಳಿಗೆ ಸಣ್ಣದು ಕೊಟ್ರೆ ಹಲ್ಲಿ ಹಿಡ್ದಂಗಾಯ್ತದೆ."

ವಿಡಿಯೊ ನೋಡಿ ಬರೆದುಕೊಂಡಿದ್ದ ಚೀಟಿ ಕೊಟ್ಟೆ. ಗಾಜಿನ ಕ್ಯಾಬಿನೆಟ್, ಬಣ್ಣ ಬಣ್ಣದ ಲೈಟಿನ ಫ್ಯಾನು. ಎರಡಕ್ಕೂ ಗೀಟು ಎಳೆದರು.

"ಲೈಟ್ ನೋಡೋಕೆ ಗಣಪತಿ ಪೆಂಡಾಲಿಗೆ ಹೋಗು. ಗೇಮಾಡೋದಾದ್ರೆ ದುಡ್ಡು ಚಿತ್ರ ಮೂಡ್ಸೋ ಗ್ರಾಫಿಕ್ಸ್ ಕಾರ್ಡಿಗೆ ಹಾಕು, ಕರೆಂಟು ಹಂಚೋ ಪವರ್ ಸಪ್ಲೈಗೆ ಹಾಕು. ನಿಮ್ಮೂರ ಕರೆಂಟು ಒಂದ್ಗಳಿಗೆ ಇದ್ದಂಗೆ ಇನ್ನೊಂದ್ಗಳಿಗೆ ಇರಲ್ಲ."

ನನ್ನ ದುಡ್ಡಿನ ಮೇಲೆ ಇವರದೇನು ಯಜಮಾನಿಕೆ? ಎದುರಿನ ಅಂಗಡಿಗೆ ಹೋದೆ. "ಬನ್ನಿ ಸರ್, ಕೂತ್ಕೊಳ್ಳಿ ಸರ್" ಎಂದು ಮರ್ಯಾದೆಯೋ ಮರ್ಯಾದೆ. ಗಾಜಿನ ಪೆಟ್ಟಿಗೆ ಕೊಂಡರೆ ಪವರ್ ಸಪ್ಲೈ ಪುಕ್ಕಟೆಯಂತೆ. ಗ್ರಾಫಿಕ್ಸ್ ಕಾರ್ಡ್ ಮಾತ್ರ ಅವರಲ್ಲಿರಲಿಲ್ಲ. ಕೊಂಡದ್ದನ್ನು ಬೇಕೆಂದೇ ಪಂಚಣ್ಣನ ಮೇಜಿನ ಮೇಲೆ ತಂದಿಟ್ಟು, ಕಾರ್ಡ್ ಕೊಡಿ ಎಂದೆ.

ಅವರು ಆ ಪವರ್ ಸಪ್ಲೈಯನ್ನು ಅಂಗೈಯಲ್ಲಿ ತೂಗಿ ನನ್ನ ಕೈಗಿಟ್ಟರು.

"ನೀನೇ ಹೇಳಪ್ಪ, ದಿನಾ ಕಾಯಿ ಹಿಡಿಯೋನು."

ಹಿಡಿದೊಡನೆ ಗೊತ್ತಾಯಿತು. ಒಳಗೆ ತಿರುಳಿಲ್ಲ. ರಾಶಿಯಲ್ಲಿರುವ ಜೊಳ್ಳು ಕಾಯನ್ನು ಕಣ್ಣು ಮುಚ್ಚಿಕೊಂಡು ಎತ್ತಿಡುವ ನಾನು, ಎರಡು 'ಸರ್'ಗೆ ಉಬ್ಬಿ, ನನ್ನ ಕೈಯನ್ನೇ ಮರೆತಿದ್ದೆ.

"ಜೊಳ್ಳು," ಅಂದೆ.

"ಜೊಳ್ಳಿಗೆ ನನ್ ಕಾರ್ಡ್ ಕೊಡಲ್ಲ ಬುಡು. ವಾಪಸ್ ಕೊಟ್ಟು ಬಾ."

ವಾಪಸ್ ಕೊಡಲು ಹೋದಾಗ ಆ 'ಸರ್' ಎಲ್ಲಿ ಹೋಗಿತ್ತೋ ಕಾಣೆ. ಅರ್ಧ ಗಂಟೆ ಜಗಳವಾಡಿ ದುಡ್ಡು ಬಿಡಿಸಿಕೊಂಡೆ. ಪಂಚಣ್ಣ ತಗಡಿನ ಪೆಟ್ಟಿಗೆ, ಇಟ್ಟಿಗೆಯಂಥ ಪವರ್ ಸಪ್ಲೈ, ಯಾರೋ ಬಳಸಿದ ಕಾರ್ಡ್ ಜೋಡಿಸಿ ಕೊಟ್ಟರು. ನೋಡಲು ಕೋಳಿಗೂಡು.

ಎರಡು ವರ್ಷ ಲಾರಿ ಓಡಿತು. ಒಂದು ಮಧ್ಯಾಹ್ನ ವೋಲ್ಟೇಜ್ ಏರಿ ನಮ್ಮ ಬೀದಿಯ ಟಿ.ವಿ.ಗಳೆಲ್ಲ ಸುಟ್ಟುಹೋದವು. ನನ್ನ ಕಂಪ್ಯೂಟರೂ ಸತ್ತಿತು. ಕಾರ್ಡ್ ಹೋಗಿದ್ದರೆ ಗೇಮಿನ ಕಥೆ ಅಲ್ಲಿಗೆ ಮುಗಿಯಿತೆಂದುಕೊಂಡು ತಿಪಟೂರಿಗೆ ಹೊತ್ತು ತಂದೆ. ಪಂಚಣ್ಣ ಸ್ಕ್ರೂಡ್ರೈವರನ್ನು ನನಗೇ ಕೊಟ್ಟು, ಅದು ಬಿಚ್ಚು, ಇದು ಹಾಕು ಎಂದು ಕೂತಲ್ಲೇ ಹೇಳತೊಡಗಿದರು. ಇದೇನು ಹೊಸ ಜಂಬ ಅಂದುಕೊಂಡೆ. ಸತ್ತಿದ್ದು ಪವರ್ ಸಪ್ಲೈ ಒಂದೇ; ಕಾರ್ಡಿಗೆ ಬೀಳಬೇಕಿದ್ದ ಏಟನ್ನೂ ಅದೇ ತಿಂದಿತ್ತು. ಬೇರೆಯದನ್ನು ಹಾಕಿದೊಡನೆ ಪರದೆಯ ತುಂಬ ಹಸಿರು ಬೆಟ್ಟ, ಕೆಂಪು ಲಾರಿ.

"ಬಣ್ಣ ಬಂತಾ?" ಎಂದರು ಪಂಚಣ್ಣ.

ಪರದೆ ಅವರ ಮೂಗಿನ ಎದುರೇ ಇತ್ತು. ಸ್ಕ್ರೂಡ್ರೈವರ್ ನನಗೆ ಕೊಟ್ಟದ್ದು ಜಂಬಕ್ಕಲ್ಲ, ಕಣ್ಣು ಕಾಣದ್ದಕ್ಕೆ.

"ಬಂತು ಕಣಣ್ಣ. ಚೆನ್ನಾಗ್ ಬಂತು."

"ಬರದೆ ಏನು? ಹೊರಡು ಮತ್ತೆ, ಗಿರಾಕಿಗಳು ಬರೋ ಹೊತ್ತು."

ಅಂಗಡಿಯಲ್ಲಿ ನೊಣವೂ ಇರಲಿಲ್ಲ. ಮುಂದಿನ ತಿಂಗಳು ಬಾಗಿಲು ಹಾಕಿ ಹೊರಟುಹೋದರು, ಎಲ್ಲಿಗೆಂದು ಯಾರಿಗೂ ಗೊತ್ತಿಲ್ಲ. ಅವತ್ತೇ ಒಂದು ಒಳ್ಳೆಯ ಮಾತು ಹೇಳಿ ಬರಬಹುದಿತ್ತು. ಇಬ್ಬರಿಗೂ ಆ ಚಟವಿರಲಿಲ್ಲ.