ಉಸಿರು ಆಲಿಸುತ್ತಿದ್ದ ಅಕ್ಕೋರು

ನೆಲಕ್ಕೆ ಬಿದ್ದ ಸೀಟಿಯನ್ನು ಅಕ್ಕೋರು ಬಗ್ಗಿ ಎತ್ತಿದವರೇ ಅಲ್ಲ. ಕಾಲ್ಬೆರಳುಗಳಲ್ಲಿ ಹಿಡಿದು, ಒಂಟಿಕಾಲಿನಲ್ಲಿ ನಿಂತೇ ಕೈಗೆ ತಂದುಕೊಳ್ಳುತ್ತಿದ್ದರು. ಐವತ್ತು ದಾಟಿದ್ದರೂ ಮೈ ಒಂದಿಷ್ಟೂ ಓಲಾಡುತ್ತಿರಲಿಲ್ಲ. ಸಿದ್ದಾಪುರದ ನಮ್ಮ ಹೈಸ್ಕೂಲಿನಲ್ಲಿ ಅವರು ದೈಹಿಕ ಶಿಕ್ಷಣದ ಟೀಚರು, ನಮ್ಮ ಬಾಯಲ್ಲಿ ಅಕ್ಕೋರು; ಹುಡುಗಿಯರ ಕಬಡ್ಡಿ ತಂಡದ ಮ್ಯಾನೇಜರು. ಯೋಗ ಕಲಿಸುವವರೂ ಅವರೇ.

ನಮ್ಮ ಅಭ್ಯಾಸ ಶುರುವಾಗುತ್ತಿದ್ದುದೇ ಮಲಗುವುದರಿಂದ. ಹತ್ತು ನಿಮಿಷ ಶವಾಸನ, ಆಮೇಲೆ ಪ್ರಾಣಾಯಾಮ, ಕೊನೆಗೆ ಒಬ್ಬೊಬ್ಬರೇ ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’. ಅಕ್ಕೋರು ಕಣ್ಣು ಮುಚ್ಚಿ ಕೇಳಿ, ಯಾರಿಗೆ ನಿದ್ದೆ ಸಾಲದು, ಯಾರಿಗೆ ನೋವಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಆ ದಿನ ಯಾರು ಆಡಬೇಕೆಂಬುದು ಅದರ ಮೇಲೆಯೇ ತೀರ್ಮಾನ. ಯಲ್ಲಾಪುರದಲ್ಲೊಮ್ಮೆ ಶವಾಸನದಲ್ಲಿ ಇಡೀ ತಂಡ ಗೊರಕೆ ಹೊಡೆದು, ಕೆದರಿದ ತಲೆಯಲ್ಲೇ ಟಾಸಿಗೆ ಓಡಿದ್ದೆವು. “ನಿದ್ದೆ ಬಂದ್ರೆ ಒಳ್ಳೇದೇ, ಹೆದರಿಕೆ ಇಲ್ಲೆ ಹೇಳಿ ಅರ್ಥ” ಎಂದು ನಕ್ಕಿದ್ದರು.

ನಾನು ಹತ್ತನೆಯ ತರಗತಿಯಲ್ಲಿದ್ದಾಗ ಶಿರಸಿಯಲ್ಲಿ ಫೈನಲ್. ಚೆನ್ನಾಗಿ ಆಡಿದರೆ ಜಿಲ್ಲಾ ತಂಡ ಸೇರುವುದು ಖಚಿತ. ಹಿಂದಿನ ಪಂದ್ಯದಲ್ಲಿ ಮಂಡಿ ತುಸು ತಿರುಚಿತ್ತು, ಅಷ್ಟೆ. ನನ್ನ ಕಬಡ್ಡಿ ಕೇಳುತ್ತಿದ್ದ ಅಕ್ಕೋರು ಕಣ್ಣು ತೆರೆದರು.

“ಉಸ್ರು ತುಂಡಾಗ್ತಾ ಇದ್ದು. ಮಂಡಿ ನೋವಿದ್ದಾ?”

“ಎಂತೂ ಆಜಿಲ್ಲೆ, ಅಕ್ಕೋರೇ!” ಏನೂ ಆಗಿಲ್ಲವೆಂದು ವಾದಿಸಿದೆ.

“ಇವತ್ತು ನೀ ಆಡದು ಬ್ಯಾಡ.”

ಅತ್ತು ಜಗಳವಾಡಿದೆ. ತಂಡ ಎರಡೇ ಅಂಕದಿಂದ ಸೋತಿತು. ಸಂಜೆ ಡಾಕ್ಟರು ಮಂಡಿ ಒತ್ತಿ ನೋಡಿ ಏನೂ ಆಗಿಲ್ಲವೆಂದರು. ಉಸಿರು ತುಂಡಾದದ್ದು ಬರೀ ಫೈನಲ್ಲಿನ ಗಾಬರಿಗೆ. ಅಕ್ಕೋರ ಮುಖ ನೋಡುವುದೇ ಬೇಡವೆನಿಸಿತ್ತು.

ಸೋಮವಾರ ತಂಡವನ್ನೆಲ್ಲ ಸಾಲಾಗಿ ಕೂರಿಸಿ, ನನ್ನೆದುರು ನಿಂತು ತಮ್ಮ ತಪ್ಪೊಪ್ಪಿಕೊಂಡರು: “ತಂಗಿ, ಆನು ತಪ್ಪಿದಿ. ನಿನ್ನ ಆಟ ಹಾಳು ಮಾಡಿದಿ. ಆದ್ರೆ ಸಂಶಯ ಬಂದ್ರೆ ನಾಳೆನೂ ಹೊರಗೆ ಕೂರಿಸ್ತೆ.” ನನ್ನ ಸಿಟ್ಟು ಎಲ್ಲಿ ಹೋಯಿತೋ! ಜಿಲ್ಲಾ ತಂಡದ ಅವಕಾಶ ಮತ್ತೆ ಬರಲಿಲ್ಲ. ಕಬಡ್ಡಿ ಮಾತ್ರ ನನ್ನನ್ನು ಬಿಡಲಿಲ್ಲ.

ಈಗ ಯಲ್ಲಾಪುರದ ಶಾಲೆಯೊಂದರಲ್ಲಿ ನನಗೂ ಅದೇ ಕೆಲಸ, ಅದರಲ್ಲಿ ಸುಖವಾಗಿದ್ದೇನೆ. ಅಕ್ಕೋರು ಹೋದ ವರ್ಷ ತೀರಿಕೊಂಡರು. ಕಳೆದ ತಿಂಗಳು ನಾನೂ ಒಬ್ಬ ಹುಡುಗಿಯನ್ನು ಬರೀ ಸಂಶಯದಿಂದ ಪಂದ್ಯದಿಂದ ಹೊರಗಿಟ್ಟೆ. ಅವಳಿಗೆ ಏನೂ ಆಗಿರಲಿಲ್ಲ. ಮರುದಿನ ತಂಡದ ಮುಂದೆ ತಪ್ಪೊಪ್ಪಿಕೊಳ್ಳಲು ನಿಂತವಳು ಎರಡೆರಡು ಸಲ ಹಾಜರಿ ಕರೆದೆ, ನೆಟ್ಟಗಿದ್ದ ಸಾಲನ್ನೇ ಮತ್ತೆ ನೆಟ್ಟಗೆ ಮಾಡಿಸಿದೆ. ಹೇಗೋ ಹೇಳಿ ಮುಗಿಸಿದೆ. ಅಕ್ಕೋರಿಗೂ ಅದು ಇಷ್ಟೇ ಕಷ್ಟವಾಗಿತ್ತೆಂದು ನನಗೆ ತಿಳಿದದ್ದು ಆಗಲೇ.