ಗೇರ್ ಬೀಳುವ ಸದ್ದು

ಅವರ ಎಡಗಾಲು ಮೊಣಕಾಲಿನಲ್ಲಿ ಮಡಿಯುತ್ತಿರಲಿಲ್ಲ. ಗಾಡಿ ಹತ್ತುವಾಗ ಮೊದಲು ತಾವು ಸೀಟಿನಲ್ಲಿ ಕೂತು, ಆಮೇಲೆ ಪ್ಯಾಂಟಿನ ಬಟ್ಟೆ ಹಿಡಿದು ಆ ಕಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಳ್ಳುತ್ತಿದ್ದರು, ನಿದ್ದೆ ಹೋದ ಮಗುವನ್ನು ಮಲಗಿಸುವಷ್ಟು ಹುಷಾರಾಗಿ. ಬಾಲಾನಗರದ ಕಾರ್ಖಾನೆಯೊಂದರಲ್ಲಿ ಕಬ್ಬಿಣದ ಅಚ್ಚು ಜಾರಿ ಬಿದ್ದು ಕಾಲು ಹಾಗಾಗಿತ್ತು. ಅಲ್ಲಿನ ಯಂತ್ರಗಳ ಬಡಿತಕ್ಕೆ ಕಿವಿಯೂ ಮುಕ್ಕಾಲು ಹೋಗಿತ್ತು.

ಸನತ್‌ನಗರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲೀಕರು ಅವರು, ಲಿಂಗಸುಗೂರು ಕಡೆಯವರು. ನಾನು ಮೈಸೂರಿನಿಂದ ಬಂದು ಗಚ್ಚಿಬೌಲಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ಓಣಿಯವರೆಲ್ಲ ಕಾಕಾ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಹೆಂಡತಿ ಕಾಕು. ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ, ಮನೆಯೊಳಗೆ ಕನ್ನಡ. ಮೂರನ್ನೂ ಕಾಕಾ ಕೂಗಿಯೇ ಆಡುತ್ತಿದ್ದರು. ಸಿಟ್ಟಿನ ಮನುಷ್ಯ ಎಂದು ಹೊಸಬರು ಹೆದರುತ್ತಿದ್ದರು. ಅವರಿಗೆ ತಮ್ಮ ದನಿಯೇ ಕೇಳಿಸುತ್ತಿರಲಿಲ್ಲ, ಅಷ್ಟೆ.

ಕಾರ್ಖಾನೆ ಬಿಟ್ಟ ಮೇಲೆ ಗಂಡ ಹೆಂಡತಿ ಹಿತ್ತಲಲ್ಲಿ ಕುಂಡದ ಗಿಡ ಬೆಳೆಸತೊಡಗಿದ್ದರು. ಆಗ ಗಚ್ಚಿಬೌಲಿಯಲ್ಲಿ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿತ್ತು, ಒಂದೊಂದರ ಬಾಗಿಲಲ್ಲೂ ಹಸಿರು ಬೇಕಿತ್ತು. ಕಾಕಾ ಕುಂಡಗಳನ್ನು ಒಯ್ದಿಟ್ಟು, ಎಸಿಯ ತಂಪಿಗೆ ಎಲೆ ಹಳದಿಯಾದವನ್ನು ವಾಪಸು ತಂದು ಬಿಸಿಲು ಕಾಣಿಸುತ್ತಿದ್ದರು. ಬಾಡಿದ ಗಿಡ ಇಳಿಸುವಾಗ ಒಮ್ಮೆ ನನ್ನ ಮುಖ ನೋಡಿ, "ನೀನೂ ಸ್ವಲ್ಪ ಹೊರಗ ಕುಂದರು ತಂಗಿ" ಅಂದಿದ್ದರು.

ಇದೆಲ್ಲ ನಡೆಯುತ್ತಿದ್ದುದು ಒಂದು ಹಳೆಯ ಪಿಕಪ್‌ನ ಮೇಲೆ. ಯಾವುದೋ ವಿದೇಶಿ ಯೋಜನೆ ಮುಗಿದ ಮೇಲೆ ಹರಾಜಿಗೆ ಬಂದ ಗಾಡಿ. ಕ್ಲಚ್ ಇಲ್ಲದ, ತಾನೇ ಗೇರ್ ಬದಲಿಸಿಕೊಳ್ಳುವ ಆಟೋಮ್ಯಾಟಿಕ್. ಎಡಗಾಲಿಗೆ ಅದರಲ್ಲಿ ಕೆಲಸವೇ ಇರಲಿಲ್ಲ. ಊರಲ್ಲಿ ಅವರು ಓಡಿಸಬಹುದಾಗಿದ್ದ ಸಾಮಾನಿನ ಗಾಡಿ ಅದೊಂದೇ.

ಆ ಗಾಡಿ ಜಾರತೊಡಗಿತು. ಏರಿನಲ್ಲಿ ಎಂಜಿನ್ ಕಿರುಚುತ್ತಿತ್ತು, ಚಕ್ರಕ್ಕೆ ಮಾತ್ರ ಬಲ ಹೋಗುತ್ತಿರಲಿಲ್ಲ. ಬಾಲಾನಗರದ ಮೆಕ್ಯಾನಿಕ್ ಒಬ್ಬ ಬಗ್ಗಿ ನೋಡಿ, "ಪೂರಾ ಖೋಲ್ನಾ ಪಡ್ತಾ ಚಾಚಾ" ಅಂದ. ಪೂರ್ತಿ ಬಿಚ್ಚಬೇಕಂತೆ. ಬಿಚ್ಚಿದರೆ ಹಾಕಲು ಬಿಡಿಭಾಗ ಎಲ್ಲಿದೆ ಎಂಬುದು ಅವನಿಗೂ ಗೊತ್ತಿರಲಿಲ್ಲ.

"ಬಿಚ್ಚೋದು ಕಡೀಕ" ಎಂದು ಕಾಕಾ ಗಾಡಿಯನ್ನು ಮನೆಗೆ ತಂದರು. ಎಂಜಿನ್ ಚಾಲೂ ಇಟ್ಟೇ ಗೇರ್ ಬಾಕ್ಸಿನ ಅಳತೆ ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿದರು. ಎಣ್ಣೆ ಕುಂಕುಮದ ನೀರಿನ ಹಾಗೆ ಕೆಂಪಗೆ ಚೊಕ್ಕವಾಗಿತ್ತು, ಮಟ್ಟವೂ ಸರಿ ಇತ್ತು. ಆದರೂ ಎಣ್ಣೆಯದೇ ದೋಷ ಎಂದು ಹಟ ಹಿಡಿದು ಪೂರಾ ಬದಲಿಸಿದರು. ಗಾಡಿ ಜಾರುವುದು ನಿಲ್ಲಲಿಲ್ಲ. ಆಗ ಅವರು ಮೊದಲ ಸಲ ನನ್ನ ಬಾಗಿಲು ತಟ್ಟಿದರು.

"ತಂಗಿ, ಗಾಡಿ ನಾ ಹೊಡೀತೀನಿ. ನೀ ಬರೇ ಕೇಳು. ನನಗ ಕೇಳಂಗಿಲ್ಲ."

ಹೊರಡುವ ಮುನ್ನ ಕಾಕು ನನ್ನನ್ನು ಅಡುಗೆಮನೆಗೆ ಕರೆದರು. ಹಿಂದಿನ ವಾರ ಮೂಸಾಪೇಟೆಯಲ್ಲಿ ಲಾರಿಯ ಹಾರ್ನ್ ಕೇಳದೆ ಕಾಕಾ ಅಡ್ಡ ತಿರುಗಿಸಿದ್ದರಂತೆ, ಕೂದಲೆಳೆಯಲ್ಲಿ ಉಳಿದರಂತೆ. ನನ್ನ ಮುಂಗೈ ಹಿಡಿದು, "ಗಾಡಿ ಸತ್ತೈತಿ ಅಂತ ಹೇಳಿಬಿಡವ್ವಾ. ನಿನ್ನ ಮಾತು ನಂಬ್ತಾರ. ನನಗ ಅವರು ಬೇಕು, ಗಾಡಿ ಬ್ಯಾಡ" ಅಂದರು. ನಾನು ಮುಂಗೈ ಬಿಡಿಸಿಕೊಂಡು ಹೋಗಿ ಗಾಡಿ ಹತ್ತಿದೆ.

ಭರತನಗರದ ಫ್ಲೈಓವರ್ ಏರುವಾಗ ಕಿವಿಗೊಟ್ಟು ಕೂತೆ. ಗೇರ್ ಹೊತ್ತಿಗೆ ಮುಂಚೆಯೇ, ಹಿಡಿತವಿಲ್ಲದೆ ಬೀಳುತ್ತಿತ್ತು. ಆಮೇಲೆ ಎಂಜಿನ್ ಬರಿದೆ ಕೂಗುತ್ತಿತ್ತು. ಕಾಕಾ ಆಗಾಗ ತಿರುಗಿ ನನ್ನ ತುಟಿ ನೋಡುತ್ತಿದ್ದರು. ಕೇಳಿದ್ದನ್ನು ಕೇಳಿದ ಹಾಗೇ ಹೇಳಿದೆ.

ಅವರು ಗಾಡಿ ಬದಿಗೆ ಹಾಕಿ ಬಾನೆಟ್ ಎತ್ತಿದರು. ಆಕ್ಸಿಲರೇಟರ್ ಕಡೆಯಿಂದ ಗೇರ್ ಬಾಕ್ಸಿಗೆ ಹೋಗುವ ತಂತಿಯೊಂದನ್ನು ಬೆರಳಿನಿಂದ ಮೀಟಿದರು. ಸಡಿಲವಾಗಿತ್ತು. ಪಾನಾ ಹಾಕಿ ಅದನ್ನು ಬಿಗಿ ಮಾಡಿ, ಮತ್ತೆ ಏರು ಹತ್ತಿಸಿದರು. ಈ ಸಲ ಗೇರ್ ಗಟ್ಟಿಯಾಗಿ ಬಿತ್ತು. ಏರು ಮುಗಿದ ಮೇಲೆ ಕಾಕಾ ಗಾಡಿ ಬದಿಗೆ ನಿಲ್ಲಿಸಿ ಸ್ಟೀರಿಂಗಿಗೆ ಹಣೆ ಹಚ್ಚಿದರು.

ವಾಪಸು ಬಂದಾಗ ಕಾಕು ನನ್ನ ಮುಖ ನೋಡಲಿಲ್ಲ. ಲಾರಿಯ ಮಾತನ್ನು ನಾನೇ ಕಾಕಾನ ಎದುರು ಎತ್ತಿದೆ, ಒಬ್ಬರೇ ಹೋಗಬೇಡಿ ಅಂದೆ. ಅವರು ರೇಗಿದರು, ಊಟ ಬಿಟ್ಟರು. ಮರುದಿನ ಬೆಳಿಗ್ಗೆ ನೋಡಿದರೆ ಪಕ್ಕದ ಸೀಟಿನಲ್ಲಿ ಕಾಕು ಕೂತಿದ್ದರು. ಹಿಂದಿನಿಂದ ಹಾರ್ನ್ ಕೇಳಿದರೆ ಗಂಡನ ಭುಜ ತಟ್ಟುವುದು, ಅದು ಅವರ ಕೆಲಸ. ನನ್ನ ಜೊತೆ ಮಾತ್ರ ಮಾತು ಬಿಟ್ಟರು. ತಿಂಗಳುಗಟ್ಟಲೆ ನಾನು ಆ ಮನೆಯಲ್ಲಿ ಬಾಡಿಗೆಯವಳು ಮಾತ್ರ ಆಗಿದ್ದೆ.

ಒಂದು ವರ್ಷ ಹೀಗೆ ಕಳೆಯಿತು. ಮುಂದಿನ ಬೇಸಿಗೆಯಲ್ಲಿ ಒಂದು ಭಾನುವಾರ ಕಾಕಾ ನನ್ನನ್ನು ಅಂಗಳಕ್ಕೆ ಕರೆದರು. ಗಾಡಿ ಚಾಲೂ ಇತ್ತು. ರಿವರ್ಸಿಗೆ ಹಾಕಿದರು. ಗಾಡಿ ಎಷ್ಟೋ ಹೊತ್ತು ಸುಮ್ಮನಿದ್ದು, ಆಮೇಲೆ ಒಮ್ಮೆ ಕುಲುಕಿ, ಮತ್ತೆ ನಿಂತುಬಿಟ್ಟಿತು. ಒಳಗೆ ಏನೋ ಅರೆದುಕೊಳ್ಳುವ ಸದ್ದು. ಅವರು ಇಳಿದು ಕಡ್ಡಿ ಎಳೆದು ಬಟ್ಟೆಗೆ ಒರೆಸಿ ನನ್ನ ಮುಂದೆ ಹಿಡಿದರು. ಎಣ್ಣೆ ಕಂದು ಬಣ್ಣಕ್ಕೆ ತಿರುಗಿತ್ತು. ಅದರಲ್ಲಿ ಕಪ್ಪು ಪುಡಿ, ಸುಟ್ಟ ವಾಸನೆ. ತಂತಿಯನ್ನೂ ಎಳೆದು ತೋರಿಸಿದರು, ಅದು ಬಿಗಿಯಾಗಿಯೇ ಇತ್ತು. ಗೇರಿಗೆ ಹಿಡಿತ ಕೊಡುವ ಒಳಗಿನ ಪ್ಲೇಟುಗಳೇ ಸವೆದಿದ್ದವು.

"ನೀ ಹೇಳು" ಅಂದರು.

"ಹೋಗಿದೆ ಕಾಕಾ."

ಕೇಳಿಸಲಿಲ್ಲ. ಕಿವಿಗೆ ಅಂಗೈ ಅಡ್ಡ ಹಿಡಿದರು. ಅಂಥ ಮಾತನ್ನು ನಾನು ಕೂಗಬೇಕಾಯಿತು. ಓಣಿಯವರು ತಿರುಗಿ ನೋಡಿದರು. ಬಾಗಿಲಲ್ಲಿ ಕಾಕು ನಿಂತಿದ್ದರು.

"ಹೂಂ" ಅಂದರು ಕಾಕಾ. "ನನಗೂ ಹಂಗ ಅನಿಸಿತ್ತು. ನೀ ಹೇಳಿದಿ, ಮುಗೀತು." ಬಟ್ಟೆ ಮಡಚಿದರು, ಎಂಜಿನ್ ಆರಿಸಿದರು.

ಗುಜರಿಯವರು ಗಾಡಿಯನ್ನು ಎಳೆದುಕೊಂಡು ಹೋದ ದಿನ ಅವರು ಒಳಗೇ ಇದ್ದರು. ಕುಂಡ ಸಾಗಿಸಲು ಬಾಡಿಗೆಯ ಆಟೋ ಟ್ರಾಲಿ ಗೊತ್ತು ಮಾಡಿಕೊಡುತ್ತೇನೆ ಎಂದೆ, ಬ್ಯಾಡ ಅಂದರು. ಕಂಪನಿಗಳಿಗೆ ಬೇರೆ ಯಾರೋ ಪ್ಲಾಸ್ಟಿಕ್ ಗಿಡ ತಂದಿಟ್ಟರು. ಹಿತ್ತಲ ಕುಂಡಗಳು ಒಂದೊಂದಾಗಿ ಒಣಗಿದವು. ಕಾಕಾ ಕೂಗಿ ಮಾತಾಡುವುದೂ ನಿಂತಿತು. ಮಳೆಗಾಲ ಮುಗಿಯುವ ಹೊತ್ತಿಗೆ, ಚಹಾ ಕುಡಿಯುತ್ತ ಕೂತಲ್ಲೇ ಹೋಗಿಬಿಟ್ಟರು. ನಾನು ಆಫೀಸಿನಿಂದ ಓಡಿ ಬರುವಷ್ಟರಲ್ಲಿ ಅವರನ್ನು ಪಡಸಾಲೆಯಲ್ಲಿ ಮಲಗಿಸಿದ್ದರು.

ಕಾರ್ಯವೆಲ್ಲ ಮುಗಿದ ಮೇಲೆ ಕಾಕು ತಾವಾಗಿ ನನ್ನ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕೂತರು. ನನ್ನ ಮುಂಗೈ ಹಿಡಿದು ಅಂದರು: "ಅವತ್ತು ಅಡಿಗಿಮನ್ಯಾಗ ನಾ ಕೇಳಿದಂಗ ನೀ ಸುಳ್ಳ ಹೇಳಿದ್ರ ಇನ್ನಷ್ಟು ದಿನ ಇರ್ತಿದ್ರೋ ಏನೋ, ಯಾರಿಗೆ ಗೊತ್ತು. ನಿನ್ನ ಮ್ಯಾಲ ಭಾಳ ಸಿಟ್ಟಿತ್ತು. ಆದ್ರ ಲಗ್ನ ಆದಮ್ಯಾಲ ನಾವಿಬ್ಬರೂ ಕೂಡಿ ತಿರುಗಾಡಿದ್ದು ಆ ಒಂದ ವರ್ಷ." ಅಷ್ಟು ಹೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ನಾನು ಪಕ್ಕದಲ್ಲಿ ಕೂತೆ.

ಕಾಕು ಹೇಳಿದ್ದರಲ್ಲಿ ಯಾವುದು ಹೆಚ್ಚು ನಿಜ ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ನನ್ನ ಕಿವಿಯನ್ನು ತಮ್ಮದೇ ಎಂದು ನಂಬಿ ಒಬ್ಬ ಮನುಷ್ಯ ಏರು ಹತ್ತಿದ್ದರು, ನನ್ನ ಬಾಯಿಂದಲೇ ಕೆಟ್ಟ ಸುದ್ದಿಯನ್ನೂ ತೆಗೆದುಕೊಂಡರು. ಅಷ್ಟು ನಂಬಿಕೆಗೆ ನಾನು ಏನೂ ಮರಳಿ ಕೊಡಲಿಲ್ಲ. ಕೊಡುವುದಕ್ಕೆ ಈಗ ಅವರಿಲ್ಲ.